ಮೂಕಿಯ ರಾಣಿ ಟಾಕಿಗೆ ಬಂದದ್ದು ಹೇಗೆ: ಸುಲೋಚನಾ ವೃತ್ತಿಜೀವನದ ಒಳಲೆಕ್ಕ

ಟಾಕಿ, ಅಂದರೆ ಮಾತಿನ ಚಿತ್ರ, ಬಂತು; ಮೂಕಿ ನಟಿಯರ ದನಿ ಚೆನ್ನಾಗಿರಲಿಲ್ಲ, ಮನೆಗೆ ಹೋದರು. ಸಿನಿಮಾ ಚರಿತ್ರೆಯಲ್ಲಿ ಇಷ್ಟು ಸುಲಭವಾಗಿ ಹೇಳಿ ಮುಗಿಸುವ ಮಾತು ಇನ್ನೊಂದಿಲ್ಲ. ಇದರಲ್ಲಿ ಅರ್ಧ ಸತ್ಯವೂ ಇಲ್ಲ. 1931ರಲ್ಲಿ ಬದಲಾದದ್ದು ಕಂಠದ ಬೆಲೆ ಮಾತ್ರವಲ್ಲ. ಫಿಲಂ ಓಡುವ ವೇಗ ಬದಲಾಯಿತು, ಚಿತ್ರದ ಚೌಕಟ್ಟಿನ ಅಳತೆ ಬದಲಾಯಿತು, ದೀಪ ಬದಲಾಯಿತು, ನಿರ್ದೇಶಕನ ಬಾಯಿ ಮುಚ್ಚಿತು. ಎಲ್ಲಕ್ಕಿಂತ ಹೆಚ್ಚಾಗಿ, ಚಿತ್ರಕ್ಕೆ ಒಂದು ಭಾಷೆ ಅಂಟಿಕೊಂಡಿತು. ಇವೆಲ್ಲ ಒಟ್ಟಿಗೆ ಒಬ್ಬ ನಟಿಯ ಮೇಲೆ ಹೇಗೆ ಎರಗಿದವು ಎಂದು ನೋಡಲು ಸುಲೋಚನಾ ಅವರಿಗಿಂತ ಒಳ್ಳೆಯ ಉದಾಹರಣೆ ಭಾರತದಲ್ಲಿ ಸಿಗುವುದಿಲ್ಲ. ಅವರು ಸೋತವರೂ ಅಲ್ಲ, ಸಲೀಸಾಗಿ ದಾಟಿದವರೂ ಅಲ್ಲ.

ನಿಜವಾದ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ ಹುಟ್ಟಿದರು. ಬಾಗ್ದಾದಿ ಯಹೂದಿ ಮನೆತನ. ಟೆಲಿಫೋನ್ ಆಪರೇಟರ್ ಆಗಿದ್ದ ಅವರನ್ನು ಕೊಹಿನೂರ್ ಫಿಲಂ ಕಂಪನಿಯ ಮೋಹನ್ ಭವನಾನಿ ಸಿನಿಮಾಕ್ಕೆ ಕರೆದರು. ಮರ್ಯಾದಸ್ಥರ ಕೆಲಸವಲ್ಲ ಎಂದು ಮೊದಲು ಒಲ್ಲೆ ಎಂದ ರೂಬಿ ಆಮೇಲೆ ಒಪ್ಪಿಕೊಂಡರು. ‘ವೀರ್ ಬಾಲಾ’ ತೆರೆಗೆ ಬಂದದ್ದು 1925ರಲ್ಲಿ. ಮರುವರ್ಷವೇ ‘ಸಿನಿಮಾ ಕ್ವೀನ್’, ‘ಟೈಪಿಸ್ಟ್ ಗರ್ಲ್’, ‘ಟೆಲಿಫೋನ್ ಗರ್ಲ್’. ಶೀರ್ಷಿಕೆಗಳನ್ನೇ ನೋಡಿ: ಪುರಾಣದ ಸತಿಯರ ನಡುವೆ ಕಚೇರಿಗೆ ಹೋಗುವ, ಯಂತ್ರದ ಮುಂದೆ ಕೂರುವ ಹುಡುಗಿ ಬಂದಿದ್ದಾಳೆ. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಅವರದು ಎಂಟು ವೇಷ. ತೋಟದ ಮಾಲಿ, ಪೊಲೀಸ್, ಹೈದರಾಬಾದಿನ ಗೃಹಸ್ಥ, ಬೀದಿ ಹುಡುಗ, ಹೊಂಗೂದಲ ಯುರೋಪಿಯನ್ ಹೆಣ್ಣು, ಹೀಗೆ. ಒಬ್ಬಳೇ ನಟಿ ಹೈದರಾಬಾದಿನವನೂ ಯುರೋಪಿನವಳೂ ಆಗಬಹುದಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ. ಬಾಯಿ ತೆರೆದು ಮಾತಾಡಬೇಕಾಗಿ ಬಂದಿದ್ದರೆ ಆ ಎಂಟರಲ್ಲಿ ಎಷ್ಟು ಉಳಿಯುತ್ತಿದ್ದವು?

ಆಮೇಲೆ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಫಿಲಂ ಕಂಪನಿ. ಅಲ್ಲಿ ನಟ ಡಿ. ಬಿಲಿಮೋರಿಯಾ ಜತೆಗಿನ ಜೋಡಿ: 1928ರಲ್ಲಿ ‘ಮಾಧುರಿ’ ಮತ್ತು ‘ಅನಾರ್ಕಲಿ’, 1929ರಲ್ಲಿ ‘ಇಂದಿರಾ ಬಿ.ಎ.’. ‘ಅನಾರ್ಕಲಿ’ಗೆ ಅದೇ ವರ್ಷ ಪೈಪೋಟಿಯೂ ಇತ್ತು. ಅದೇ ಕಥೆಯನ್ನು ಇನ್ನೊಂದು ಕಂಪನಿ ಸೀತಾದೇವಿಯವರನ್ನು ಹಾಕಿಕೊಂಡು ತೆಗೆಯುತ್ತಿತ್ತು. ಇಂಪೀರಿಯಲ್ ಅವಸರಪಟ್ಟು ಮುಂಚೆ ಬಿಡುಗಡೆ ಮಾಡಿ ಗೆದ್ದಿತು.

ಈ ಹಂತದಲ್ಲಿ ಅವರ ಸಂಬಳ ತಿಂಗಳಿಗೆ 5,000 ರೂಪಾಯಿ ಎನ್ನುತ್ತಾರೆ. ಬೊಂಬಾಯಿ ಗವರ್ನರಿಗಿಂತ ಹೆಚ್ಚು ಸಂಬಳ ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಕೂಡಿ ಕಳೆದು ನೋಡಿದರೆ ಅದು ನಿಲ್ಲುವುದಿಲ್ಲ. 1919ರ ಭಾರತ ಸರ್ಕಾರ ಕಾಯ್ದೆಯ ಪಟ್ಟಿಯಲ್ಲಿ ಬೊಂಬಾಯಿ ಗವರ್ನರ ವಾರ್ಷಿಕ ಸಂಬಳದ ಮಿತಿ 1,28,000 ರೂಪಾಯಿ. ಸುಲೋಚನಾ ಅವರದು ಹನ್ನೆರಡು ತಿಂಗಳಿಗೆ 60,000. ಗವರ್ನರನ ಅರ್ಧದ ಹತ್ತಿರ ಬರುವ ಸಂಬಳ ಒಬ್ಬ ಇಪ್ಪತ್ತರ ಹರೆಯದ ಹೆಣ್ಣುಮಗಳಿಗೆ! ಇದೇನು ಸಣ್ಣ ವಿಷಯವೇ? ಉತ್ಪ್ರೇಕ್ಷೆಯ ಅಗತ್ಯವೇ ಇರಲಿಲ್ಲ.

ಮೂಕಿಯಲ್ಲಿ ಕೆಲಸ ನಡೆಯುತ್ತಿದ್ದ ರೀತಿ

ಕ್ಯಾಮೆರಾ ಕೈಯಿಂದ ತಿರುಗಿಸುವುದು. ಹಿಡಿಕೆಯ ಒಂದು ಸುತ್ತಿಗೆ ಎಂಟು ಫ್ರೇಮು, ಅಂದರೆ ಎಂಟು ಬಿಡಿ ಚಿತ್ರ. ಸೆಕೆಂಡಿಗೆ ಎರಡು ಸುತ್ತು ಹಾಕಿದರೆ 16 ಫ್ರೇಮು. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ. ಹೊಡೆದಾಟಕ್ಕೆ ಸ್ವಲ್ಪ ನಿಧಾನ ತಿರುಗಿಸಿದರೆ ತೆರೆಯ ಮೇಲೆ ಚುರುಕಾಗಿ ಕಾಣುತ್ತದೆ, ಭಾವುಕ ದೃಶ್ಯಕ್ಕೆ ವೇಗವಾಗಿ ತಿರುಗಿಸಿದರೆ ಚಲನೆ ಮೃದುವಾಗುತ್ತದೆ. ಅಂದರೆ ನಟಿಯ ಲಯವನ್ನು ಅರ್ಧ ನಿರ್ಧರಿಸುತ್ತಿದ್ದವನು ಛಾಯಾಗ್ರಾಹಕ.

ಕ್ಯಾಮೆರಾ ಓಡುತ್ತಿರುವಾಗಲೇ ನಿರ್ದೇಶಕ ಕೂಗಿ ಹೇಳುತ್ತಿದ್ದ: ಈಗ ತಿರುಗು, ಪತ್ರ ನೋಡು, ಕಣ್ಣಲ್ಲಿ ನೀರು ಬರಲಿ. ಸಂಭಾಷಣೆ ಬಾಯಿಪಾಠ ಮಾಡಬೇಕಿಲ್ಲ. ತುಟಿ ಅಲ್ಲಾಡಿದರೆ ಸಾಕು. ಆಡಿದ ಮಾತು ಇಂಗ್ಲಿಷಾದರೂ ನಡೆಯುತ್ತಿತ್ತು. ಕಥೆಗೆ ಬೇಕಾದ ಮಾತು ಆಮೇಲೆ ಅಕ್ಷರಫಲಕವಾಗಿ ಬರುತ್ತಿತ್ತು, ಒಂದೇ ಫಲಕದಲ್ಲಿ ಎರಡು ಮೂರು ಲಿಪಿಗಳಲ್ಲಿ. ಓದಲು ಬಾರದವರಿಗೆ ಟಾಕೀಸಿನಲ್ಲಿ ಒಬ್ಬ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಹಾಗಾಗಿ ಬೊಂಬಾಯಿಯ ಚಿತ್ರ ಮದರಾಸಿಗೂ ಬೆಂಗಳೂರಿಗೂ ಲಾಹೋರಿಗೂ ಒಂದೇ ರೂಪದಲ್ಲಿ ಹೋಗುತ್ತಿತ್ತು.

ಮೂಕಿ ಕಾಲದ ದೊಡ್ಡ ನಟಿಯರಲ್ಲಿ ಯಹೂದಿ ಮತ್ತು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು ಯಾಕೆ ಅಷ್ಟು ಮಂದಿ? ಸೀತಾದೇವಿ ಎಂದರೆ ರೆನೀ ಸ್ಮಿತ್. ಪೇಶನ್ಸ್ ಕೂಪರ್ ತಮ್ಮ ಹೆಸರನ್ನೇ ಇಟ್ಟುಕೊಂಡರು. ಮುಖ್ಯ ಕಾರಣ ಸಾಮಾಜಿಕ: ಮಿಕ್ಕ ಮನೆಗಳು ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಆದರೆ ಫಿಲಮ್ಮಿನ ರಸಾಯನವೂ ಒಂದು ಕೈ ನೋಡಿತು. ಆಗ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲಂ ಕೆಂಪು ಬೆಳಕಿಗೆ ಕುರುಡು. ನೀಲಿ, ಹಸಿರನ್ನಷ್ಟೇ ಹಿಡಿಯುತ್ತದೆ. ಕಂದು ಮೈಬಣ್ಣದಿಂದ ಹೊಮ್ಮುವ ಬೆಳಕಿನಲ್ಲಿ ಕೆಂಪು, ಕಿತ್ತಳೆಯ ಪಾಲೇ ಹೆಚ್ಚು; ಆ ಪಾಲು ಫಿಲಮ್ಮಿಗೆ ಕಾಣದೆ ಮುಖ ಇದ್ದದ್ದಕ್ಕಿಂತ ಕಪ್ಪಾಗಿ ಬೀಳುತ್ತಿತ್ತು. ತುಟಿಗೆ ಕೆಂಪು ಹಚ್ಚಿದರೆ ಮಸಿ ಬಳಿದಂತೆ. ನೀಲಿ ಕಣ್ಣು ಬಿಳಿಚಿಕೊಳ್ಳುತ್ತಿತ್ತು. ಆದ್ದರಿಂದ ದಪ್ಪನೆಯ ತಿಳಿ ಬಣ್ಣದ ಮೇಕಪ್ಪು, ಬಿಳಿ ತೊಗಲಿನ ನಟಿಯರ ಮೇಲಿನ ಒಲವು. ಸಮಾಜದ ಪೂರ್ವಗ್ರಹಕ್ಕೆ ಫಿಲಂ ಡಬ್ಬಿಯೂ ಸಾಕ್ಷಿ ಹೇಳಿತು ಎನ್ನಬಹುದು. ಇಪ್ಪತ್ತರ ದಶಕದ ಕೊನೆಗೆ ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಫಿಲಂ ಹರಡಿದ ಮೇಲೆ ಈ ಲೆಕ್ಕಾಚಾರ ಸಡಿಲವಾಯಿತು.

1931ರಲ್ಲಿ ಏನೇನು ಮುರಿಯಿತು

ಭಾರತದ ಮೊದಲ ಟಾಕಿ ‘ಆಲಂ ಆರಾ’ 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್‌ನಲ್ಲಿ ಬಿಡುಗಡೆಯಾಯಿತು. ತಯಾರಿಸಿದ್ದು ಸುಲೋಚನಾ ಇದ್ದ ಇಂಪೀರಿಯಲ್ ಕಂಪನಿಯೇ. ಆದರೂ ನಾಯಕಿ ಜುಬೇದಾ. ಕಂಪನಿಯ ಅತಿ ದೊಡ್ಡ ತಾರೆಯನ್ನು ಬಿಟ್ಟು ಕಂಪನಿಯ ಅತಿ ದೊಡ್ಡ ಚಿತ್ರ ತೆಗೆದದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಹಿಂದೂಸ್ತಾನಿ ಭಾಷೆ. ಕಥೆ ಪಾರ್ಸಿ ರಂಗಭೂಮಿಯದು, ಮಾತು ಉರ್ದು ಬೆರೆತದ್ದು, ಏಳು ಹಾಡು. ಜುಬೇದಾಗೆ ಆ ಭಾಷೆ ಮನೆಯದು. ರೂಬಿ ಮೈಯರ್ಸ್ ಬೆಳೆದದ್ದು ಇಂಗ್ಲಿಷಿನಲ್ಲಿ.

ಭಾಷೆ ಬರುವುದಿಲ್ಲ ಎಂದರೆ ಅರ್ಥ ಗೊತ್ತಿಲ್ಲ ಎಂದಷ್ಟೇ ಅಲ್ಲ. ಇಂಗ್ಲಿಷ್ ಮನೆಮಾತಿನವರ ನಾಲಿಗೆಗೆ ತ ಮತ್ತು ಟ, ದ ಮತ್ತು ಡ ಬೇರೆ ಬೇರೆ ಜಾಗಗಳಲ್ಲ. ಖ, ಘ, ಧ, ಭಗಳ ಮಹಾಪ್ರಾಣ ಇಲ್ಲ. ಮೇಲೆ ಉರ್ದುವಿನ ಗಂಟಲಿನ ವ್ಯಂಜನಗಳು. ಇವುಗಳಲ್ಲಿ ಒಂದು ತಪ್ಪಿದರೂ ‘ಮೇಮ್‌ಸಾಹೇಬ್ ಹಿಂದಿ’ ಎಂದು ಥಿಯೇಟರಿನಲ್ಲಿ ನಗೆಯೇಳುತ್ತದೆ. ಮೊಗಲ್ ಅಂತಃಪುರದ ಅನಾರ್ಕಲಿ ಹಾಗೆ ಮಾತಾಡಿದರೆ ಚಿತ್ರ ಮುಗಿದಂತೆ.

ಇನ್ನು ಯಂತ್ರದ ಕಡೆ ಬರೋಣ. ಇಲ್ಲಿ ನಿಂತು ನೋಡಬೇಕಾದ್ದು ಬಹಳ ಇದೆ.

ಮಾತು ಚಿತ್ರಕ್ಕೆ ಸರಿಹೊಂದಬೇಕಾದರೆ ವೇಗ ಒಂದೇ ಇರಬೇಕು. ಹಿಡಿಕೆ ಹೋಗಿ ಮೋಟಾರು ಬಂತು, ಸೆಕೆಂಡಿಗೆ 24 ಫ್ರೇಮು ಸ್ಥಿರವಾಯಿತು. 35 ಮಿ.ಮೀ. ಫಿಲಮ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು, ಆದ್ದರಿಂದ ನಿಮಿಷಕ್ಕೆ 90 ಅಡಿ. 1,000 ಅಡಿಯ ರೀಲು ಮೂಕಿಯ 16 ಫ್ರೇಮಿನಲ್ಲಿ ಹದಿನಾರೂವರೆ ನಿಮಿಷ ಓಡುತ್ತಿದ್ದದ್ದು ಈಗ ಹನ್ನೊಂದು ನಿಮಿಷಕ್ಕೆ ಖಾಲಿ. ಅದೇ ಉದ್ದದ ಕಥೆಗೆ ಒಂದೂವರೆ ಪಟ್ಟು ಫಿಲಂ. ಮರುಟೇಕು ತೆಗೆದುಕೊಳ್ಳುವ ಧಾರಾಳತನ ಅಲ್ಲಿಗೆ ಮುಗಿಯಿತು.

ಇಂಪೀರಿಯಲ್ ಬಳಸಿದ್ದು ಟ್ಯಾನರ್ ಎಂಬ ಏಕಪಟ್ಟಿ ವ್ಯವಸ್ಥೆ: ಚಿತ್ರ, ಧ್ವನಿ ಎರಡೂ ಒಂದೇ ನೆಗೆಟಿವ್ ಮೇಲೆ ಏಕಕಾಲಕ್ಕೆ ಮುದ್ರಣ. ಎರಡು ಪ್ರತ್ಯೇಕ ಫಿಲಂ ಓಡಿಸುವ ವ್ಯವಸ್ಥೆಗಿಂತ ಅಗ್ಗ, ಸಾಗಿಸಲು ಸುಲಭ. ಆದರೆ ಮೂರು ತೊಂದರೆಗಳು ಅದರ ಹುಟ್ಟಿನಲ್ಲೇ ಇವೆ. ಮೊದಲನೆಯದು, ಧ್ವನಿ ಮುದ್ರಣವಾಗುವ ಜಾಗ ಚಿತ್ರದ ಕಿಂಡಿಯಿಂದ ಸುಮಾರು 20 ಫ್ರೇಮು ದೂರ, ಅಂದರೆ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಚಿತ್ರದ ಗೆರೆಗೆ ಕತ್ತರಿ ಹಾಕಿದರೆ ಧ್ವನಿಯ ತುದಿ ಇನ್ನೊಂದು ತುಂಡಿನಲ್ಲಿ ಉಳಿಯುತ್ತದೆ. ಹಾಗಾಗಿ ನಟಿ ಪ್ರತಿ ಟೇಕಿನ ಶುರುವಿಗೂ ಕೊನೆಗೂ ಒಂದು ಕ್ಷಣ ಸುಮ್ಮನೆ ನಿಲ್ಲಬೇಕು. ಆರಂಭಿಕ ಟಾಕಿಗಳಲ್ಲಿ ಪಾತ್ರಗಳು ಮಾತಿಗೆ ಮುಂಚೆ ಗರಬಡಿದಂತೆ ನಿಲ್ಲುವುದು ಕಂಡರೆ ಅದನ್ನು ಕೆಟ್ಟ ನಟನೆ ಎನ್ನುವ ಮುಂಚೆ ಈ 20 ಫ್ರೇಮು ನೆನಪಾಗಲಿ. ಎರಡನೆಯದು, ಒಂದು ಶಬ್ದ ತಪ್ಪಿದರೆ ಅದನ್ನಷ್ಟೇ ತೆಗೆದು ಹಾಕಲಾಗದು. ಇಡೀ ತುಣುಕು ಮತ್ತೆ. ಮೂರನೆಯದು, ನೆಗೆಟಿವನ್ನು ತೊಳೆಯುವಾಗ ಚಿತ್ರಕ್ಕೆ ಒಪ್ಪುವ ಹದ ಧ್ವನಿಗೆ ಒಪ್ಪುವುದಿಲ್ಲ. ಮುಖ ಚೆನ್ನಾಗಿ ಬರಲೆಂದು ತೊಳೆದರೆ ದನಿ ಮಂಕು, ದನಿಗೆಂದು ತೊಳೆದರೆ ಮುಖ ಒರಟು. ನಟಿಯ ಕಂಠ ಕೆಟ್ಟದು ಎಂಬ ತೀರ್ಪುಗಳಲ್ಲಿ ಎಷ್ಟು ಪಾಲು ಲ್ಯಾಬಿನ ತೊಟ್ಟಿಗೆ ಸೇರಬೇಕೋ!

ಧ್ವನಿಪಟ್ಟಿ ಕೂರಲು ಚಿತ್ರದ ಒಂದು ಅಂಚಿನ ಜಾಗ ಬಿಟ್ಟುಕೊಡಬೇಕಾಯಿತು. ಅಗಲ ಕಡಿಮೆಯಾಗಿ ಚೌಕಟ್ಟು ಹೆಚ್ಚು ಕಡಿಮೆ ಚಚ್ಚೌಕವಾಯಿತು. ಇಬ್ಬರು ಅಕ್ಕಪಕ್ಕ ನಿಲ್ಲುವ ದೃಶ್ಯಗಳು ಇಕ್ಕಟ್ಟಾದವು. 1932ರಲ್ಲಿ ಹಾಲಿವುಡ್ ಮೇಲೆ ಕೆಳಗೂ ಸ್ವಲ್ಪ ಮುಚ್ಚಿ ಎತ್ತರದ 1.37 ಪಟ್ಟು ಅಗಲದ ಅನುಪಾತಕ್ಕೆ ತಂದ ಮೇಲೆ ಈ ಗೊಂದಲ ತಗ್ಗಿತು.

ಮೈಕು ಆಗ ಎಲ್ಲ ದಿಕ್ಕಿನ ಸದ್ದನ್ನೂ ಹೀರುವ ಜಾತಿಯದು. ಅದನ್ನು ಉಡುಪಿನಲ್ಲೋ ಹೂಕುಂಡದ ಮರೆಯಲ್ಲೋ ಬಚ್ಚಿಡುತ್ತಿದ್ದರು. ನಟಿ ಅದರಿಂದ ಕೆಲವೇ ಅಡಿ ದೂರದಲ್ಲಿರಬೇಕು, ಮುಖ ಅದರತ್ತಲೇ ಇರಬೇಕು. ತಲೆ ತಿರುಗಿಸಿದರೆ ಸ, ಶ, ಫಗಳಂಥ ಮೇಲ್ಸ್ಥಾಯಿಯ ಸದ್ದುಗಳು ಮೊದಲು ಮಾಯ. ಬಳೆ ಸದ್ದು ಮಾಡುತ್ತದೆ, ರೇಷ್ಮೆ ಸೀರೆ ಸರಸರ ಎನ್ನುತ್ತದೆ, ಕೈಯಲ್ಲಿನ ಪತ್ರ ಗುಡುಗುತ್ತದೆ. ಫ್ಯಾನು ನಿಲ್ಲಿಸಬೇಕು. ಇಂಗಾಲದ ಆರ್ಕ್ ದೀಪ ಗುಂಯ್‌ಗುಡುತ್ತದೆಂದು ಹಾಲಿವುಡ್ಡಿನ ಸ್ಟುಡಿಯೋಗಳು ತಂತಿ ಬಲ್ಬಿಗೆ ಬದಲಾದವು. ಅದರ ಬೆಳಕು ಕೆಂಪು ಹೆಚ್ಚಿರುವಂಥದ್ದು, ಹಾಗಾಗಿ ಪ್ಯಾಂಕ್ರೊಮ್ಯಾಟಿಕ್ ಫಿಲಂ ಅನಿವಾರ್ಯ, ಜತೆಗೆ ಮೇಕಪ್ಪಿನ ಬಣ್ಣಗಳೂ ಹೊಸದಾಗಿ ಹೊಂದಿಸಬೇಕು. ಇಂಪೀರಿಯಲ್ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲಿತ್ತು. ಗೋಡೆಗಳು ಸದ್ದು ತಡೆಯುತ್ತಿರಲಿಲ್ಲ. ರೈಲು ನಿಲ್ಲುವ ನಡುರಾತ್ರಿ ಒಂದರಿಂದ ನಾಲ್ಕರ ನಡುವೆ ‘ಆಲಂ ಆರಾ’ದ ಬಹುಪಾಲು ಚಿತ್ರೀಕರಣ.

ಇವೆಲ್ಲದರ ಒಟ್ಟು ಪರಿಣಾಮ: ಗೋಡೆ ಹತ್ತಿ ಕುದುರೆ ಹಾರಿಸಿ ಎಂಟು ವೇಷ ಹಾಕಿದ ನಟಿಗೆ ಈಗ ಹೂಕುಂಡದ ಪಕ್ಕ ನಿಂತು, ಬಳೆ ಅಲ್ಲಾಡಿಸದೆ, ಉರ್ದುವಿನಲ್ಲಿ ಮಾತಾಡು ಎಂದಂತಾಯಿತು. ದೇಹವೇ ಬಂಡವಾಳವಾಗಿದ್ದವರಿಗೆ ಆ ಬಂಡವಾಳ ಒಂದೇ ವರ್ಷದಲ್ಲಿ ಚಲಾವಣೆ ಕಳೆದುಕೊಂಡಿತು.

ಹಾಡು ಇನ್ನೂ ಕಠಿಣ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಅದನ್ನು ಹಿಂದಿಗೆ ತಂದ, ನ್ಯೂ ಥಿಯೇಟರ್ಸ್ ಕಂಪನಿಯ ‘ಧೂಪ್ ಛಾಂವ್’ ಬಂದದ್ದು 1935ರಲ್ಲಿ. ಅಲ್ಲಿಯವರೆಗೆ ನಟಿಯೇ ಹಾಡಬೇಕು, ಅಭಿನಯಿಸುತ್ತಲೇ ಹಾಡಬೇಕು. ಹಾರ್ಮೋನಿಯಂ, ತಬಲಾದವರು ಚೌಕಟ್ಟಿನಾಚೆ ಕೂರುವರು, ಹೊರಾಂಗಣದಲ್ಲಾದರೆ ಮರದ ಮರೆಯಲ್ಲಿ. ವಾದ್ಯ ಹತ್ತಿರವಾದರೆ ಕಂಠ ಮುಳುಗುತ್ತದೆ, ದೂರವಾದರೆ ಹಾಡುವವರಿಗೆ ಶ್ರುತಿ ಕೇಳುವುದಿಲ್ಲ. ಕೊನೆಯ ಸಾಲಿನಲ್ಲಿ ತಬಲಾ ತಪ್ಪಿದರೂ ಮೊದಲಿಂದ. ಮದನ್ ಥಿಯೇಟರ್ಸ್‌ನ ‘ಶಿರೀನ್ ಫರ್ಹಾದ್’ನಲ್ಲಿ 42 ಹಾಡು, 1932ರ ‘ಇಂದ್ರಸಭಾ’ದಲ್ಲಿ ಸುಮಾರು 70. ಅದರ ನಾಯಕಿ ಜಹನಾರಾ ಕಜ್ಜನ್‌ಗೆ ಹಾಡುಗಾರಿಕೆ ತಾಯಿಯಿಂದಲೇ ಬಂದ ವಿದ್ಯೆ. ಹಾಗೆ ಬಂದವರ ಎದುರಿಗೆ ಸುಲೋಚನಾ ನಿಲ್ಲಬೇಕಾಗಿತ್ತು.

ಒಂದು ವರ್ಷದ ರಜೆ, ನಾಲ್ಕು ಮರುನಿರ್ಮಾಣ

ಅವರು ಮಾಡಿದ್ದು ಸರಳ: ಒಂದು ವರ್ಷ ಚಿತ್ರಗಳಿಂದ ದೂರ ಉಳಿದು ಹಿಂದೂಸ್ತಾನಿ ಕಲಿತರು. ಸರಳ, ಆದರೆ ಎಲ್ಲರ ಕೈಗೆಟಕುವಂಥದ್ದಲ್ಲ. ಒಂದು ವರ್ಷ ಪರದೆಯಿಂದ ಮರೆಯಾಗಲು ಕೂಡಿಟ್ಟ ದುಡ್ಡು ಬೇಕು, ಕಾಯುವ ಕಂಪನಿ ಬೇಕು, ಮರೆಯದ ಪ್ರೇಕ್ಷಕರು ಬೇಕು. ಎರಡನೇ ಸಾಲಿನ ನಟಿಯರಿಗೆ ಈ ಮೂರೂ ಇರಲಿಲ್ಲ. ಸೀತಾದೇವಿಯಂಥ ಮೊದಲ ಸಾಲಿನವರೇ ಟಾಕಿಯಲ್ಲಿ ನೆಲೆ ನಿಲ್ಲಲಿಲ್ಲ.

ಮರಳಿ ಬಂದಾಗ ಹೊಸ ಕಥೆಗೆ ಕೈ ಹಾಕಲಿಲ್ಲ, ಅದೇ ಜಾಣತನ. 1928ರ ‘ಮಾಧುರಿ’ಯನ್ನು 1932ರಲ್ಲಿ ಮಾತಿನೊಡನೆ ತೆಗೆದರು. 1929ರ ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು, ಐದು ವರ್ಷದಲ್ಲಿ ನಾಯಕಿ ಒಂದು ಪದವಿ ಮೇಲೇರಿದ್ದಳು. 1935ರಲ್ಲಿ ಮತ್ತೆ ‘ಅನಾರ್ಕಲಿ’, ಅದೇ ಬಿಲಿಮೋರಿಯಾ, ಅದೇ ನಿರ್ದೇಶಕ ಆರ್.ಎಸ್. ಚೌಧರಿ. 1936ರಲ್ಲಿ ‘ವೈಲ್ಡ್‌ಕ್ಯಾಟ್’ ‘ಬಂಬಯಿ ಕೀ ಬಿಲ್ಲಿ’ಯಾಗಿ ಬಂತು.

ಇದನ್ನು ಹಳೆಯ ಸರಕಿನ ಮಾರಾಟ ಎಂದು ತಳ್ಳಿಹಾಕಬಾರದು. ಹೊಸ ಮಾಧ್ಯಮದಲ್ಲಿ ಗೊತ್ತಿಲ್ಲದ ಸಂಗತಿಗಳನ್ನು ಕಡಿಮೆ ಮಾಡಿಕೊಳ್ಳುವ ಉಪಾಯ ಅದು. ಕಥೆ ಪ್ರೇಕ್ಷಕರಿಗೆ ಗೊತ್ತು, ಹಾಗಾಗಿ ಧ್ವನಿ ಮಸುಕಾದ ಕಡೆಯೂ ಅರ್ಥ ಆಗುತ್ತದೆ. ಪಾತ್ರದ ನಡೆ, ನಿಲುವು, ಮುನಿಸು ನಟಿಗೆ ಮೈಗೂಡಿವೆ; ಗಮನವೆಲ್ಲ ನಾಲಿಗೆಯ ಮೇಲಿಡಬಹುದು. ಎದುರು ನಟ ಹಳಬ, ಅವನ ಬಿಡುವು ಎಲ್ಲಿ ಎಂದು ತಿಳಿದಿದೆ. ಜತೆಗೆ, ತಮ್ಮ ಪ್ರೀತಿಯ ತಾರೆ ಹೇಗೆ ಮಾತಾಡುತ್ತಾಳೋ ನೋಡೋಣ ಎಂಬ ಕುತೂಹಲ ಪುಕ್ಕಟೆ ಜಾಹೀರಾತು.

ಅವರ ಜನಪ್ರಿಯತೆಯ ಅಂದಾಜಿಗೆ ಇನ್ನೊಂದು ಸಂಗತಿ. ಗಾಂಧೀಜಿ ಖಾದಿ ವಸ್ತುಪ್ರದರ್ಶನ ಉದ್ಘಾಟಿಸಿದ ಕಿರುಚಿತ್ರದ ಜತೆಗೆ, ಜನ ಬರಲೆಂದು, ‘ಮಾಧುರಿ’ಯಲ್ಲಿ ಸುಲೋಚನಾ ಮಾಡಿದ ಕುಣಿತಕ್ಕೆ ಸದ್ದು ಜೋಡಿಸಿ ತೋರಿಸಿದ್ದುಂಟು. ಖಾದಿಯ ಪಕ್ಕದಲ್ಲಿ ಆ ಕುಣಿತ. ಯೋಜಿಸಿದವರ ವ್ಯವಹಾರ ಜ್ಞಾನ ಮೆಚ್ಚಬೇಕು.

ಅದೇ ಹೊತ್ತಿಗೆ ಕನ್ನಡದಲ್ಲಿ

ಕನ್ನಡದ ಮೊದಲ ಟಾಕಿ ದಾರಿಯನ್ನು ತಿರುಗಾಮುರುಗ ಹಿಡಿಯಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ‘ಸತಿ ಸುಲೋಚನ’ದ ನಾಯಕಿ ತ್ರಿಪುರಾಂಬ. (ಹೆಸರಿನ ಸುಲೋಚನ ಇಂದ್ರಜಿತುವಿನ ಹೆಂಡತಿ, ಬೊಂಬಾಯಿಯ ತಾರೆಗೂ ಅದಕ್ಕೂ ನಂಟಿಲ್ಲ.) ಇಲ್ಲಿ ಮೂಕಿ ತಾರೆಗೆ ಮಾತು ಕಲಿಸುವ ಪ್ರಶ್ನೆಯೇ ಏಳಲಿಲ್ಲ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಕಂಪನಿ ನಾಟಕದಲ್ಲಿ ಪಳಗಿದವರು. ಸಾವಿರ ಜನರ ಕೊನೆಯ ಸಾಲಿಗೆ ಮುಟ್ಟುವಂತೆ ಮಾತಾಡಿ ಹಾಡಬಲ್ಲವರು. ಅವರಿಗೆ ಬೇಕಿದ್ದದ್ದು ಅದಕ್ಕೆ ವಿರುದ್ಧವಾದ ಅಭ್ಯಾಸ: ಮೈಕಿನ ಮುಂದೆ ದನಿ ತಗ್ಗಿಸುವುದು, ಕ್ಯಾಮೆರಾದ ಮುಂದೆ ಕೈಬೀಸು ಕಡಿಮೆ ಮಾಡುವುದು. ಮಾತು ಕನ್ನಡದ್ದು, ಆದರೆ ಧ್ವನಿ ಹಿಡಿಯುವ ಸ್ಟುಡಿಯೋ ಇಲ್ಲಿರಲಿಲ್ಲ. ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ.

ರೂಬಿ ಮೈಯರ್ಸ್‌ರನ್ನು ಕರೆತಂದ ಮೋಹನ್ ಭವನಾನಿಗೂ ಕನ್ನಡದವರಿಗೂ ಒಂದು ಕೊಂಡಿ ಇದೆ. ಮೂಕಿ ಯುಗದ ಕೊನೆಯಲ್ಲಿ ಅವರು ಮೃಚ್ಛಕಟಿಕದ ಕಥೆಯನ್ನು ‘ವಸಂತಸೇನಾ’ ಎಂದು ಚಿತ್ರಿಸಿದಾಗ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ನಟಿಸಿದರು, ಏಣಾಕ್ಷಿ ರಾಮರಾವ್ ಕೂಡ.

ಭಾಷೆಯ ಗೋಡೆ ಎಷ್ಟು ಹೊಸದಾಗಿತ್ತು ಎಂದರೆ, ಇದೇ ಇಂಪೀರಿಯಲ್ 1931ರ ಅಕ್ಟೋಬರಿನಲ್ಲಿ ಹೊರತಂದ ‘ಕಾಳಿದಾಸ್’ನಲ್ಲಿ ಟಿ.ಪಿ. ರಾಜಲಕ್ಷ್ಮಿ ತಮಿಳಿನಲ್ಲಿ ಮಾತಾಡಿದರೆ ಎದುರಿನವರು ತೆಲುಗಿನಲ್ಲಿ ಉತ್ತರಿಸುತ್ತಿದ್ದರು. ಒಂದೇ ಚಿತ್ರ ಎಲ್ಲರಿಗೂ ಎಂಬ ಮೂಕಿಯ ಆಸೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಇಳಿಜಾರು

ಮರುನಿರ್ಮಾಣಕ್ಕೂ ಒಂದು ಮಿತಿ ಇದೆ: ಹಳೆಯ ಯಶಸ್ಸುಗಳ ಪಟ್ಟಿ ಮುಗಿಯುತ್ತದೆ. ಸುಲೋಚನಾ ಪಾಲಿಗೆ ಅದು 1936ರ ಹೊತ್ತಿಗೆ ಮುಗಿದಿತ್ತು. ಮೂವತ್ತರ ದಶಕದ ನಡುವೆ ಸ್ವಂತದ ರೂಬಿ ಪಿಕ್ಸ್ ಕಂಪನಿಯನ್ನೂ ಆರಂಭಿಸಿದರು. 1938ರಲ್ಲಿ ಇಂಪೀರಿಯಲ್ ಮುಚ್ಚಿತು. ಕಾಯುವ ಕಂಪನಿ ಹೋಯಿತು. ಹಿನ್ನೆಲೆ ಗಾಯನ ಬಂದು ಹಾಡಿನ ಹೊರೆ ಇಳಿದದ್ದು ಅವರಿಗಿಂತ ಹತ್ತು ವರ್ಷ ಚಿಕ್ಕವರಿಗೆ ಅನುಕೂಲವಾಯಿತು. ಹಿಂದಿ ಹುಟ್ಟಿನಿಂದಲೇ ಬರುವ ಹೊಸ ಮುಖಗಳು ಸಾಲುಗಟ್ಟಿದ್ದವು. ನನ್ನ ಲೆಕ್ಕದಲ್ಲಿ ಅವರನ್ನು ಇಳಿಸಿದ್ದು ಟಾಕಿ ಅಲ್ಲ. ಟಾಕಿಯನ್ನು ಅವರು ದಾಟಿದ್ದರು. ಇಳಿಸಿದ್ದು ತಾರೆಯನ್ನು ತಿಂಗಳ ಸಂಬಳದ ಮೇಲೆ ಸಾಕುತ್ತಿದ್ದ ಸ್ಟುಡಿಯೋ ಪದ್ಧತಿಯ ಕುಸಿತ.

ಆಮೇಲೆ ಪೋಷಕ ಪಾತ್ರಗಳು. 1947ರ ‘ಜುಗ್ನು’ವಿನಲ್ಲಿ ಪ್ರೊಫೆಸರನೊಬ್ಬ ಮನಸೋಲುವ ನಡುವಯಸ್ಸಿನ ಹೆಂಗಸಾಗಿ ಕಂಡರು. 1953ರಲ್ಲಿ ‘ಅನಾರ್ಕಲಿ’ ಮೂರನೇ ಸಲ ಅವರ ದಾರಿಗೆ ಬಂದಾಗ ಸಲೀಮನ ತಾಯಿಯ ಪಾತ್ರ. 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1983ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಈ ಕಾಲದ ನಟನೆಯನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ದಾರಿ ಇಕ್ಕಟ್ಟು. ‘ಆಲಂ ಆರಾ’ದ ಒಂದು ಪ್ರತಿಯೂ ಉಳಿದಿಲ್ಲ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಸಿಗುವುದು ಬೆರಳೆಣಿಕೆಯಷ್ಟು. ಹತ್ತಿರದ ಆಯ್ಕೆ ಎಂದರೆ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ ಸರಿಪಡಿಸಿದ ‘ಶಿರಾಜ್’ (1928) ಮತ್ತು ‘ಪ್ರಪಂಚ ಪಾಶ್’ (1929). ಮೊದಲನೆಯದರಲ್ಲಿ ಏಣಾಕ್ಷಿ ರಾಮರಾವ್ ಮತ್ತು ಸೀತಾದೇವಿ ಇಬ್ಬರೂ ಇದ್ದಾರೆ, ಎರಡನೆಯದರಲ್ಲಿ ಸೀತಾದೇವಿ. ಅಂತರ್ಜಾಲದಲ್ಲಿ ಸಿಗುವ ಯಾವುದೇ ಮೂಕಿಯಲ್ಲಿ ಎಲ್ಲರೂ ಗುಡುಗುಡು ಓಡುವಂತೆ ಕಂಡರೆ, 18 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದ್ದಾರೆ ಎಂದು ತಿಳಿಯಿರಿ. ಪ್ಲೇಯರಿನ ವೇಗವನ್ನು 0.75ಕ್ಕೆ ಇಳಿಸಿ ನೋಡಿ. ಕೈಕಾಲಿನ ನಡೆ ಸಹಜವಾಗುತ್ತದೆ, ಹಿನ್ನೆಲೆಗೆ ಆಮೇಲೆ ಸೇರಿಸಿದ ಸಂಗೀತ ಮಾತ್ರ ಎಳೆದುಕೊಂಡು ಹೋಗುತ್ತದೆ. ಅದನ್ನು ಮ್ಯೂಟ್ ಮಾಡಿದರಾಯಿತು.